ಹನ್ನೊಂದು ಸಲ ಸತ್ತವಳು: ಏಳನೆಯ ಕಂತು – ಎರವಲು ದನಿ

"ಇದೇ ಸಾರ್. ಫೋನಲ್ಲಿ ಕೇಳಿದ್ದು ಇದೇ ದನಿ. ನಮ್ಮಮ್ಮನಾಣೆ."

ಪೇದೆ ಸವೆರಿಯೊ ಮೂರನೇ ಸಾಲಿನ ಕುರ್ಚಿಯಿಂದ ಅರ್ಧ ಎದ್ದು ಪರದೆಯ ಕಡೆ ಬೆರಳು ಮಾಡಿದ. ಪರದೆಯ ಮೇಲೆ ಕೆಂಪು ಲಂಗದ ಹೆಂಗಸೊಬ್ಬಳು ಗುಂಡೇಟು ತಿಂದ ಕೌಬಾಯ್‌ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ನನ್ನನ್ನು ಬಿಟ್ಟು ಹೋಗಬೇಡ, ನಿನ್ನ ಬಿಟ್ಟರೆ ನನಗೆ ಯಾರೂ ಇಲ್ಲ ಎಂದು ಗೋಳಾಡುತ್ತಿದ್ದಳು. ಅಳುವಾಗಲೂ ಆ ದನಿಯ ನಯ ಒಂದಿಷ್ಟೂ ಕೆಡುತ್ತಿರಲಿಲ್ಲ.

ಬೆಳಿಗ್ಗೆ ಹತ್ತು ಗಂಟೆ. ತುಸ್ಕೊಲಾನೊ ರಸ್ತೆಯ ಆ ಹಳೇ ಟಾಕೀಸಿನಲ್ಲಿ ಇದ್ದವರು ಮೂವರೇ: ಇನ್ಸ್‌ಪೆಕ್ಟರ್ ಬೆಲ್ಲೊನಿ, ಅವನ ಪೇದೆ, ಮತ್ತು ಅವರಿಬ್ಬರ ಹಿಂದೆ ಕೋಟಿನ ಗುಂಡಿ ಕೂಡ ಬಿಚ್ಚದೆ ಕೂತಿದ್ದ ನೆರಿನಾ ಕಸ್ತಾಲ್ದಿ.

ಪರದೆಯ ಮೇಲಿನ ಆ ಕೆಂಪು ಲಂಗದ ನಟಿ ಫಿಯೊರೆಂಜಾ ಕಾರ್ಲಿಯನ್ನು ಅವಳ ಮೂರನೇ ಮಹಡಿಯ ಮನೆಯಲ್ಲಿ, ಅವಳದೇ ಸ್ಕಾರ್ಫಿನಿಂದ ಕತ್ತು ಬಿಗಿದು ಕೊಂದು ಇವತ್ತಿಗೆ ಹನ್ನೆರಡು ದಿನ. ಅವನು ನನ್ನನ್ನು ಕೊಲ್ಲುತ್ತಾನೆ ಎಂದು ಆ ಗುರುವಾರ ಸಂಜೆ ಐದಕ್ಕೆ ಠಾಣೆಗೆ ಬಂದ ಅವಳ ಕರೆ, ಐದೂಕಾಲಿಗೆ ಅವಳ ಮನೆಯ ಮೆಟ್ಟಿಲ ಮೇಲೆ ಕಂಡ ಸ್ಟಂಟ್‌ಮನ್ ದುಯಿಲಿಯೊ, ಇವೆರಡನ್ನು ಹಿಡಿದುಕೊಂಡು ಪೊಲೀಸರು ಅವನನ್ನು ಜೈಲಿಗೆ ಹಾಕಿದ್ದರು.

ನೆರಿನಾ ಹನ್ನೆರಡು ದಿನದಿಂದ ಅತ್ತಿರಲಿಲ್ಲ. ಅಳು ಬಂದು ತಡೆದುಕೊಂಡದ್ದೂ ಅಲ್ಲ. ಅದು ಬರಲೇ ಇಲ್ಲ. ಮನಸ್ಸು ಜೋಮು ಹಿಡಿದ ಕಾಲಿನ ಹಾಗೆ ಎಲ್ಲೋ ಕೆಳಗಿತ್ತು, ಇದ್ದೂ ತನ್ನದಲ್ಲ ಎನ್ನುವ ಹಾಗೆ. ಕಣ್ಣು ಮಾತ್ರ ತನ್ನ ಕೆಲಸ ಮಾಡಿಕೊಂಡು ಹೋಗುತ್ತಿತ್ತು. ಮೂವತ್ತು ವರ್ಷ ಸೆಟ್ಟಿನಲ್ಲಿ ಕಂಟಿನ್ಯುಟಿ ಬರೆದವಳ ಕಣ್ಣು ಅದು. ನಟಿ ಯಾವ ಕೈಯಲ್ಲಿ ಲೋಟ ಹಿಡಿದಿದ್ದಳು, ಸಿಗರೇಟು ಎಷ್ಟು ಉರಿದಿತ್ತು, ಕಾಲರ್ ಒಳಗಿತ್ತೋ ಹೊರಗಿತ್ತೋ ಎಲ್ಲ ಅವಳ ಪುಸ್ತಕದಲ್ಲಿ ಇರಬೇಕಿತ್ತು. ಈಗಲೂ ಅವಳು ನೋಡಿಟ್ಟುಕೊಂಡಳು: ಇನ್ಸ್‌ಪೆಕ್ಟರನ ಎಡ ಬೂಟಿನ ಲೇಸು ಬಿಚ್ಚಿದೆ, ಪೇದೆಯ ಟೋಪಿ ಬಲ ತೊಡೆಯ ಮೇಲಿದೆ.

ಪರದೆಯ ಮೇಲಿನ ಕೌಬಾಯ್ ಸತ್ತ. ಬೆಲ್ಲೊನಿ ಕೈ ಎತ್ತಿದ, ಮೇಲೆ ಪ್ರೊಜೆಕ್ಟರ್ ನಿಂತಿತು, ದೀಪ ಬಂತು. ಹೇಗೆ ನಮ್ಮ ಹುಡುಗನ ಕಿವಿ ಎನ್ನುವಂತೆ ಅವನು ನೆರಿನಾಳ ಕಡೆ ತಿರುಗಿದ. ಐದು ನಟಿಯರ ರೀಲು ಹಾಕಿ ಪರೀಕ್ಷೆ ಮಾಡಿದ್ದಾಗಿತ್ತು, ಅವುಗಳಲ್ಲಿ ಫಿಯೊರೆಂಜಾಳದನ್ನು ಸವೆರಿಯೊ ಕಣ್ಣು ಮುಚ್ಚಿಕೊಂಡೇ ಗುರುತು ಹಿಡಿದಿದ್ದ. ಸತ್ತವಳ ಬಹುಕಾಲದ ಗೆಳತಿಯೂ ಒಂದು ಮಾತು ಹೂಂ ಅಂದುಬಿಟ್ಟರೆ, ನಾಳೆ ದುಯಿಲಿಯೊನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಿ ಕಡತ ಕಟ್ಟಿಬಿಡಬಹುದಿತ್ತು.

"ಪೇದೆಯವರು ಹೇಳೋದು ಸರಿ. ಪರದೆ ಮೇಲಿರೋ ದನಿ, ಫೋನಿನ ದನಿ ಒಂದೇ ಇರಬಹುದು," ಎಂದಳು ನೆರಿನಾ. "ಆದರೆ ಅದು ಫಿಯೊರೆಂಜಾ ದನಿ ಅಲ್ಲ."

ಬೆಲ್ಲೊನಿ ಸಿಗರೇಟು ಹಚ್ಚುವವನು ಕಡ್ಡಿ ಆರಿಸಿದ.

ನೆರಿನಾ ಚೀಲದಿಂದ ಒಂದು ಹಳೇ ನೋಟುಪುಸ್ತಕ ತೆಗೆದು ಕನ್ನಡಕ ಹಾಕಿಕೊಂಡಳು. ಆ ಚಿತ್ರಕ್ಕೂ ಕಂಟಿನ್ಯುಟಿ ಬರೆದವಳು ಅವಳೇ. ಶಾಟ್ ಐವತ್ತೆಂಟು, ಕೌಬಾಯ್‌ನ ಸಾವು. ನಟಿ ನಿಜವಾಗಿ ಆಡಿದ ಮಾತು ಏನೆಂದು ಬರೆಯುವುದಕ್ಕೆ ಅದರಲ್ಲಿ ಒಂದು ಕಲಂ ಇತ್ತು. ಅವಳು ಸುದ್ದಿ ಓದುವವರಂತೆ ಓದಿದಳು: "ಹಾವುಮೀನಿನ ತಲೆ ಕತ್ತರಿಸಿ. ಮೈಯನ್ನ ತುಂಡು ಮಾಡಿ ಕಡ್ಡಿಗೆ ಚುಚ್ಚಿ. ಒಲೆ ಮುಂದೆ ತಿರುಗಿಸ್ತಾ ಇರಿ. ಆರಿದ ಮೇಲೆ ವಿನಿಗರ್‌ಗೆ ಹಾಕಿ."

ಪೇದೆ ನಕ್ಕ. ಇನ್ಸ್‌ಪೆಕ್ಟರ್ ನಗಲಿಲ್ಲ.

ಅವಳು ಸಾವಕಾಶವಾಗಿ ವಿವರಿಸಿದಳು. ಶೂಟಿಂಗಿನಲ್ಲಿ ದನಿ ಹಿಡಿಯುವುದಿಲ್ಲ. ಕ್ಯಾಮೆರಾದ ಹಿಂದೆ ಬಡಗಿ ಮೊಳೆ ಹೊಡೆಯುತ್ತಿರುತ್ತಾನೆ, ನಿರ್ದೇಶಕ ಕೂಗಾಡುತ್ತಿರುತ್ತಾನೆ. ದೊಡ್ಡ ನಟರಾದರೆ ತಮ್ಮ ಸಂಭಾಷಣೆ ಹೇಳುತ್ತಾರೆ. ಉಳಿದವರು ಒಂದು, ಎರಡು, ಮೂರು ಎಂದು ಎಣಿಸುತ್ತಾರೆ, ಇಲ್ಲವೇ ಬಾಯಿಗೆ ಬಂದದ್ದು ಹೇಳುತ್ತಾರೆ. ಆಮೇಲೆ ಯಾರೋ ಒಬ್ಬರು ಕತ್ತಲೆ ಕೋಣೆಯಲ್ಲಿ ನಿಂತು ಆ ತುಟಿಗಳಿಗೆ ದನಿ ಕೊಡುತ್ತಾರೆ.

"ಅಮೆರಿಕದ ಸಿನಿಮಾಗೆ ಹಾಗೆ ಮಾಡ್ತಾರೆ, ಗೊತ್ತು. ಇವಳು ನಮ್ಮವಳೇ ಅಲ್ವಾ?" ಎಂದ ಬೆಲ್ಲೊನಿ.

"ನಮ್ಮವಳೇ. ಕೊಮಾಕ್ಯೋ ಊರಿನವಳು. ಚಿಕ್ಕಂದಿನಲ್ಲಿ ಗಂಟಲುಮಾರಿ ಆಗಿ ದನಿ ಒಡೆದುಹೋಗಿತ್ತು. ಅದರ ಮೇಲೆ ಆ ಜವುಗು ಸೀಮೆ ಮಾತು. ಅವಳ ದನೀನ ಯಾವ ನಿರ್ಮಾಪಕನೂ ಪರದೆ ಮೇಲೆ ಬಿಡ್ಲಿಲ್ಲ."

ಅರವತ್ಮೂರು ಚಿತ್ರ. ಮೊದಲು ಮಲ್ಲರ ಚಿತ್ರಗಳಲ್ಲಿ ದ್ರಾಕ್ಷಿ ತಟ್ಟೆ ಹಿಡಿದ ದಾಸಿ. ಆ ಗಾಳಿ ನಿಂತು ಕೌಬಾಯ್‌ಗಳ ಕುದುರೆ ಚಿತ್ರಗಳು ಬಂದಾಗ ಹೆಂಡದಂಗಡಿಯ ಕೆಂಪು ಲಂಗ. ಆಗ ಟೈಟಲಿನಲ್ಲಿ ಅವಳ ಹೆಸರೂ ಅಮೆರಿಕದ್ದು, ಫ್ಲೋ ಕಾರ್ಸನ್. ಆಮೇಲೆ ಕೈಗವಸು ತೊಟ್ಟ ಕೊಲೆಗಾರರ ಚಿತ್ರಗಳ ಕಾಲ ಬಂತು, ಅವುಗಳಲ್ಲಿ ಎರಡನೆಯದಾಗಿ ಸಾಯುವವಳು ಇವಳೇ. ನಡುನಡುವೆ ಹಾಸ್ಯಚಿತ್ರಗಳಲ್ಲಿ ಗಂಡನನ್ನು ಬೀರುವಿನೊಳಗಿಂದ ಎಳೆದು ಹಾಕುವ ಹೆಂಡತಿ, ಕಡೆಗೆ ಪೊಲೀಸ್ ಚಿತ್ರಗಳಲ್ಲಿ ನರ್ಸು. ಒಟ್ಟು ಹನ್ನೊಂದು ಸಲ ಸತ್ತಿದ್ದಳು. ಆ ಹನ್ನೊಂದೂ ಸಲ ಅವಳ ಕಡೆಯ ಕೂಗನ್ನು ಬೇರೊಬ್ಬಳು ಕೂಗಿದ್ದಳು.

ತನ್ನ ಕಿವಿಗೆ ಬಂದ ಅಪವಾದವನ್ನು ಸವೆರಿಯೊ ಸಹಿಸಲಿಲ್ಲ.

"ಸಿನ್ಯೋರಾ, ನನ್ನ ಕಿವಿಗೆ ಟೋಪಿ ಹಾಕಕ್ಕಾಗಲ್ಲ. ಅವಳು ಸಾಯೋಕೆ ಒಂದು ವಾರ ಮುಂಚೆ ಠಾಣೆಗೆ ಒಬ್ಬಳು ಬಂದಿದ್ಲು. ಕಪ್ಪು ಕನ್ನಡಕ, ತಲೆಗೆ ಸ್ಕಾರ್ಫು. ನಾನೇ ಫಿಯೊರೆಂಜಾ ಕಾರ್ಲಿ, ನನ್ನ ಜೀವಕ್ಕೆ ಅಪಾಯ ಇದೆ, ದೂರು ಬರ್ಕೊಳ್ಳಿ ಅಂದ್ಲು. ಬಾಯಿ ಬಿಟ್ಟಿದ್ದೇ ತಡ, ಗೊತ್ತಾಗೋಯ್ತು ನಂಗೆ. ಮೀನು ಮಾರೋರ ಗಂಟಲು, ಒಡೆದ ತಮಟೆ. ಹೋಗಮ್ಮ ಹೋಗು, ಅವಳ ಹದಿನೆಂಟು ಸಿನಿಮಾ ನೋಡಿದೀನಿ ನಾನು, ಬೇರೆ ಯಾರ ಹತ್ರನಾದ್ರೂ ಆಟ ಕಟ್ಟು ಅಂದು ಕಳಿಸ್ದೆ."

"ಕನ್ನಡಕ ತೆಗೀಲಿಲ್ವಾ ಅವಳು?" ಎಂದು ಕೇಳಿದಳು ನೆರಿನಾ.

"ತೆಗೆದ್ಲು. ಮುಖ ಏನೋ ಒಂಥರಾ ಹಾಗೇ ಇತ್ತು. ಸಿನಿಮಾದೋರ ಹಾಗೆ ಕಾಣೋರು ಈ ಊರಲ್ಲಿ ಏನು ಕಮ್ಮಿನಾ? ಆದ್ರೆ ದನಿ..."

ತೊಡೆಯ ಮೇಲಿನ ಟೋಪಿ ಜಾರಿ ಕುರ್ಚಿಗಳ ಸಂದಿಗೆ ಬಿತ್ತು. ಅವನು ಅದನ್ನು ಎತ್ತಿಕೊಳ್ಳಲಿಲ್ಲ.

ನೆರಿನಾ ಪುಸ್ತಕ ಮುಚ್ಚಿದಳು. ಬೇರೆ ಯಾರಾದರೂ ಆಗಿದ್ದರೆ ಆ ಪೇದೆಯ ಕೆನ್ನೆಗೆ ಬಾರಿಸುತ್ತಿದ್ದರೇನೋ. ಅವಳಿಗೆ ಅವನ ಮೇಲೆ ಸಿಟ್ಟೂ ಬರಲಿಲ್ಲ, ಕನಿಕರವೂ ಬರಲಿಲ್ಲ. ಫಿಯೊರೆಂಜಾ ಕಾರ್ಲಿ ತನ್ನ ದನಿಯಲ್ಲಿ ಮಾತಾಡಿದ್ದಕ್ಕೇ ಅವಳನ್ನು ಯಾರೂ ನಂಬಲಿಲ್ಲ ಎಂಬ ಸಂಗತಿಯನ್ನು ಶಾಟ್ ನಂಬರಿನ ಹಾಗೆ ಮನಸ್ಸಿನಲ್ಲಿ ಗುರುತು ಮಾಡಿಕೊಂಡಳು, ಅಷ್ಟೇ.

ಬೆಲ್ಲೊನಿ ದಡ್ಡನಲ್ಲ. ಕರೆ ಮಾಡಿದ್ದು ಸತ್ತವಳಲ್ಲ ಎಂದಾದರೆ ಐದು ಗಂಟೆಗೆ ಅವಳು ಬದುಕಿದ್ದಳು ಎನ್ನುವುದಕ್ಕೆ ಆಧಾರವೇ ಇಲ್ಲ. ಸಾವು ಮೂರರಿಂದ ಐದೂವರೆಯೊಳಗೆ ಎಂದಿದ್ದರು ಡಾಕ್ಟರು. ಮೂರರಿಂದ ನಾಲ್ಕೂವರೆಯವರೆಗೆ ದುಯಿಲಿಯೊ ಊರಾಚೆಯ ಕುದುರೆ ಲಾಯದಲ್ಲಿದ್ದದ್ದನ್ನು ಹತ್ತು ಜನ ನೋಡಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆವಾ ಎಂಬ ಅನುಮಾನ ಇನ್ಸ್‌ಪೆಕ್ಟರನ ಮುಖದಲ್ಲಿ ಮೊದಲ ಸಲ ಕಂಡಿತು.

ಅವನು ಇನ್ನೊಂದು ಮಾತು ಕೇಳಿದ. ನಿನ್ನ ತಮ್ಮನ ವಿಷಯ ಏನೋ ಹೇಳುವುದಿದೆ ಎಂದು ಫಿಯೊರೆಂಜಾಳೇ ತನ್ನನ್ನು ಐದೂಕಾಲಿಗೆ ಬರಹೇಳಿದ್ದಳು ಎನ್ನುತ್ತಿದ್ದ ದುಯಿಲಿಯೊ. ಆ ತಮ್ಮನ ಕತೆ ಏನು?

"ಸಾಂಟಿನೊ. ಅವನೂ ಸ್ಟಂಟ್ ಮಾಡ್ತಿದ್ದ. ಹನ್ನೊಂದು ವರ್ಷದ ಹಿಂದೆ ಶೂಟಿಂಗ್ ಬಿಡುವಿನಲ್ಲಿ ಮಾಳಿಗೆಯಿಂದ ಬಿದ್ದು ಸತ್ತ. ಆಕಸ್ಮಿಕ."

"ಅಷ್ಟೇನಾ?"

"ಅಷ್ಟೇ," ಎಂದಳು ನೆರಿನಾ. ಹನ್ನೊಂದು ವರ್ಷದ ಅಭ್ಯಾಸ. ಸುಳ್ಳು ತಾನಾಗಿ ಬಂತು.

ಆ ದನಿಯ ಒಡತಿ ಯಾರೆಂದು ನೆರಿನಾಳಿಗೆ ಗೊತ್ತಿತ್ತು. ಆದರೆ ಪೊಲೀಸರ ಮುಖ ಕಂಡರೆ ಆ ಹೆಂಗಸು ಬಾಯಿ ಬಿಡುವುದಿಲ್ಲ, ಮೊದಲು ನಾನು ಹೋಗುತ್ತೇನೆ ಎಂದಳು. ಬೆಲ್ಲೊನಿ ಗಡಿಯಾರ ನೋಡಿ ನಾಲ್ಕು ಗಂಟೆಯವರೆಗೆ ಗಡುವು ಕೊಟ್ಟ. ನಾಲ್ಕಕ್ಕೆ ಆ ಹೆಂಗಸಿನ ಜೊತೆ ಠಾಣೆಗೆ ಬರದಿದ್ದರೆ ನಾಳೆ ಆಗುವುದು ಆಗಿಯೇ ತೀರುತ್ತದೆ ಎಂದ.

*

ಮಧ್ಯಾಹ್ನ ಅತಿಲಿಯೊ ಅವಳನ್ನು ಕಾರಿನಲ್ಲಿ ಕರೆದೊಯ್ದ.

ಅತಿಲಿಯೊ ಸ್ಬೊರ್ದೊನಿ ಅವಳ ಗಂಡ, ಪ್ರೊಡಕ್ಷನ್ ಮ್ಯಾನೇಜರ್. ಊರಿನ ಅರ್ಧ ಸ್ಟುಡಿಯೋಗಳಲ್ಲಿ ಯಾರಿಗೆ ಕೆಲಸ ಸಿಗಬೇಕು, ಯಾರಿಗೆ ಸಿಗಬಾರದು ಎಂಬುದು ಅವನ ಒಂದು ಫೋನಿನಲ್ಲಿ ತೀರ್ಮಾನವಾಗುತ್ತಿತ್ತು. ಈ ಹನ್ನೆರಡು ದಿನ ಅವನು ಹೆಂಡತಿಯನ್ನು ಅಂಗೈಯಲ್ಲಿಟ್ಟು ನೋಡಿಕೊಂಡಿದ್ದ. ತಾನೇ ಸೂಪು ಬಿಸಿ ಮಾಡುತ್ತಿದ್ದ, ಕೋಟು ಹೊದಿಸುತ್ತಿದ್ದ. ಈಗಲೂ ಸಿಗ್ನಲ್ಲಿನಲ್ಲಿ ನಿಂತಾಗ ಕಿತ್ತಳೆ ಸುಲಿದು ತೊಳೆಗಳನ್ನು ಒಂದೊಂದಾಗಿ ಅವಳ ಕೈಗಿಟ್ಟ.

"ತಿನ್ನು ನೆರಿ. ಬೆಳಿಗ್ಗೆಯಿಂದ ಬರೀ ಕಾಫಿಯಲ್ಲೇ ಇದೀಯ."

ಅವಳು ತಿಂದಳು. ರುಚಿ ಗೊತ್ತಾಗಲಿಲ್ಲ.

ಎಲ್ಲಿಗೆ ಹೋಗುತ್ತಿದ್ದೇನೆಂದು ಅವನಿಗೆ ಹೇಳಿದ್ದಳು. ಫಿಯೊರೆಂಜಾಳಿಗೆ ದನಿ ಕೊಡುತ್ತಿದ್ದ ಜೆಮ್ಮಾ ಪವೊಂಚೆಲ್ಲಿಯನ್ನು ನೋಡಿ, ಆ ಕರೆಯ ಬಗ್ಗೆ ಕೇಳಿಬರುತ್ತೇನೆ ಎಂದಷ್ಟೇ. ಅದಕ್ಕಿಂತ ಹೆಚ್ಚು ಅವಳಿಗೇ ಗೊತ್ತಿರಲಿಲ್ಲ. ಅವನು, ಪೊಲೀಸರ ಕೆಲಸ ಪೊಲೀಸರು ಮಾಡಲಿ ಎಂದ. ಆಮೇಲೆ, ಸರಿ, ನಾನು ಕೆಳಗೆ ಕಾದಿರುತ್ತೇನೆ ಎಂದ.

ಸ್ಟಿಯರಿಂಗ್ ಮೇಲಿನ ಅವನ ಕೈ ನೋಡುತ್ತಾ ನೆರಿನಾ ಕೂತಿದ್ದಳು. ಗಡಿಯಾರ ಬಲಗೈಯಲ್ಲಿತ್ತು. ಹದಿನೆಂಟು ವರ್ಷ ಎಡಗೈಗೆ ಕಟ್ಟುತ್ತಿದ್ದವನು ಈಗ ಬಲಗೈಗೆ ಕಟ್ಟುತ್ತಿದ್ದಾನೆ. ಎಡಗೈ ಅಂಗಿಯ ತೋಳಿನ ಗುಂಡಿ ಯಾವಾಗಲೂ ಹಾಕಿಯೇ ಇರುತ್ತದೆ. ಎಂದಿನಿಂದ ಹೀಗೆ ಎಂದು ಕಣ್ಣು ಬರೆದಿಟ್ಟುಕೊಂಡಿತ್ತು. ಯಾಕೆ ಎಂದು ಮನಸ್ಸು ಕೇಳಿರಲಿಲ್ಲ.

ಕಾರು ತಿರುವಿನಲ್ಲಿ ನಿಧಾನವಾದಾಗ ಅವಳಿಗೆ ಬೇಡದ ನೆನಪೊಂದು ಬಂತು. ಊರಾಚೆಯ ಕಲ್ಲುಗಣಿಯಲ್ಲಿ ಹಾಕಿದ್ದ ಕೌಬಾಯ್ ಸೆಟ್ಟು. ಹೊತ್ತು ಮುಳುಗುತ್ತಿತ್ತು. ಹೆಂಡದಂಗಡಿಯ ಮಾಳಿಗೆಯಿಂದ ಬೀಳುವವನಿಗೆ ಕೆಳಗೆ ರಟ್ಟಿನ ಪೆಟ್ಟಿಗೆಗಳ ಹಾಸು ಇರಬೇಕಿತ್ತು. ಅರ್ಧ ಪೆಟ್ಟಿಗೆಗಳನ್ನು ಇನ್ನೊಂದು ಸೆಟ್ಟಿಗೆ ಸಾಗಿಸಲು ಅತಿಲಿಯೊನೇ ಹೇಳಿದ್ದ. ಇಷ್ಟೇ ಸಾಕು, ಬೆಳಕು ಹೋಗ್ತಿದೆ, ಬೀಳಪ್ಪ ಎಂದು ಕೂಗಿದ್ದೂ ಅವನೇ. ಸಾಂಟಿನೊ ಬಿದ್ದ.

ಆ ರಾತ್ರಿ ನೆರಿನಾ ತನ್ನ ಪುಸ್ತಕದ ಪುಟ ಹರಿದು ಹೊಸದು ಬರೆದಳು: ಶಾಟ್ ತೆಗೆದಿಲ್ಲ, ಬಿಡುವಿನಲ್ಲಿ ಕುಡಿದು ಮಾಳಿಗೆ ಹತ್ತಿ ಜಾರಿದ. ಕೆಳಗೆ ಸಹಿ ಹಾಕಿದಳು. ಆಗ ಅವರ ಮದುವೆಯಾಗಿ ಏಳು ವರ್ಷ. ಕೆಂಪು ಲಂಗ ತೊಟ್ಟು ಬಾಗಿಲಲ್ಲಿ ನಿಂತಿದ್ದ ಫಿಯೊರೆಂಜಾ ಎಲ್ಲ ನೋಡಿದ್ದಳು, ಗೆಳತಿಯ ಮುಖ ನೋಡಿ ಬಾಯಿ ಮುಚ್ಚಿಕೊಂಡಿದ್ದಳು.

ಅದೇ ಫಿಯೊರೆಂಜಾ ಕಳೆದ ತಿಂಗಳು ಬಂದು, ಆ ಪುಸ್ತಕ ಕೊಡು, ಹರಿದ ಪುಟವೂ ನಿನ್ನ ಹತ್ತಿರ ಇದ್ದೇ ಇರತ್ತೆ, ಕಾಗದ ಎಸೆಯೋ ಜಾತಿಯವಳಲ್ಲ ನೀನು ಎಂದಿದ್ದಳು. ಕಳೆದುಹೋಗಿದೆ ಎಂದಿದ್ದಳು ನೆರಿನಾ. ಅವತ್ತು ಊಟಕ್ಕೆ ಕೂತಾಗ ಆ ವಿಷಯವನ್ನು ಗಂಡನಿಗೂ ಹೇಳಿದ್ದಳು, ಮಾತಿಗೆ ಮಾತು ಎಂಬಂತೆ. ಅವನು ಸೂಪು ಕುಡಿಯುವುದನ್ನು ನಿಲ್ಲಿಸಿರಲಿಲ್ಲ.

*

ಡಬ್ಬಿಂಗ್ ಕೋಣೆ ಮೂರನೇ ಮಹಡಿಯಲ್ಲಿತ್ತು. ಬಾಗಿಲ ಮೇಲಿನ ಕೆಂಪು ದೀಪ ಆರುವವರೆಗೆ ನೆರಿನಾ ಹೊರಗೆ ನಿಂತಳು. ಒಳಗಿನಿಂದ ವಿಧವೆಯೊಬ್ಬಳ ಅಳು ಕೇಳುತ್ತಿತ್ತು. ನಿಲ್ಲುತ್ತಿತ್ತು, ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು.

ದೀಪ ಆರಿತು. "ಬನ್ನಿ ಸಿನ್ಯೋರಾ, ಒಳಗೆ ಬನ್ನಿ. ಕಾಫಿ ತರಿಸಲಾ?" ಎಂದಳು ಫಿಯೊರೆಂಜಾ ಕಾರ್ಲಿ.

ನೆರಿನಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಮಾತಾಡಿದವಳು ಅರವತ್ತರ ಗುಂಡುಗುಂಡಗಿನ ಹೆಂಗಸು, ಕಾಲಲ್ಲಿ ಉಣ್ಣೆಯ ಚಪ್ಪಲಿ, ಕೈಯಲ್ಲಿ ಅರ್ಧ ಕಡಿದ ಸೋಂಪಿನ ಗಡ್ಡೆ. ಜೆಮ್ಮಾ ಪವೊಂಚೆಲ್ಲಿ. ಇಪ್ಪತ್ತೆರಡು ವರ್ಷ ಆ ತುಟಿಗಳಿಗೆ ಮಾತು ತುಂಬಿದವಳು.

ಅವಳು ತಂತ್ರಜ್ಞನಿಗೆ ಹತ್ತು ನಿಮಿಷ ಬಿಡುವು ಕೊಟ್ಟು ಹೊರಗೆ ಕಳಿಸಿದಳು. ನೆರಿನಾ ಪೀಠಿಕೆ ಹಾಕಲಿಲ್ಲ.

"ಗುರುವಾರ ಐದು ಗಂಟೆಗೆ ಠಾಣೆಗೆ ಫೋನ್ ಮಾಡಿದ್ದು ನೀವು."

ಜೆಮ್ಮಾ ಸೋಂಪಿನ ಗಡ್ಡೆಯನ್ನು ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟಳು. ಅಲ್ಲಗಳೆಯುವ ಹಾಗೆ ಕಾಣಲಿಲ್ಲ. ಯಾರಾದರೂ ಬಂದು ಕೇಳಲಿ ಎಂದೇ ಹನ್ನೆರಡು ದಿನ ಕಾದವಳ ಹಾಗಿತ್ತು ಅವಳ ಮುಖ.

"ಅವಳೇ ಬಂದಿದ್ದು ನನ್ನ ಹತ್ರ. ಸಾಯೋಕೆ ಎರಡು ದಿನ ಮುಂಚೆ, ಮಂಗಳವಾರ. ಇಪ್ಪತ್ತೆರಡು ವರ್ಷದಲ್ಲಿ ನಾವಿಬ್ಬರು ಮುಖ ನೋಡಿದ್ದು ಅದೇ ಮೊದಲು ಅಂದ್ರೆ ನಂಬ್ತೀರಾ? ಅವಳ ತುಟಿ ನಂಗೆ ಕಂಠಪಾಠ. ಹಲ್ಲಿನ ಸಂದಿ ಗೊತ್ತು. ನೋಡಿದ ತಕ್ಷಣ ನಾನು ಏನು ಕೇಳ್ದೆ ಗೊತ್ತಾ? ಆ ಮೀನನ್ನ ವಿನಿಗರಲ್ಲಿ ಎಷ್ಟು ದಿನ ಇಡ್ಬೇಕಮ್ಮ ಅಂದೆ."

ಫಿಯೊರೆಂಜಾ ನಕ್ಕಳಂತೆ. ನಕ್ಕು, ಆಮೇಲೆ ಅತ್ತಳಂತೆ. ದುಯಿಲಿಯೊನ ತಾಯಿ ಹೋದ ತಿಂಗಳು ತೀರಿಹೋಗಿದ್ದಳು, ತನ್ನ ಕಿರಿಮಗ ಕುಡಿದು ಸತ್ತ ಎಂದೇ ನಂಬಿಕೊಂಡು. ಮಣ್ಣಿಗೆ ಹೋಗಿಬಂದ ಮೇಲೆ ಫಿಯೊರೆಂಜಾಳಿಗೆ ನಿದ್ದೆ ಇರಲಿಲ್ಲ. ಸತ್ಯ ಹೇಳಿಬಿಡುತ್ತೇನೆಂದು ಅವಳು ಯಾರಿಗೆ ಹೇಳಿದ್ದಳೋ ಅವನು, ಬಾಯಿ ಬಿಟ್ಟರೆ ಆ ಬಾಯನ್ನೇ ಮುಚ್ಚಿಸ್ತೀನಿ ಎಂದಿದ್ದ. ಠಾಣೆಗೆ ಹೋದರೆ ನೀನು ನೀನೇ ಅಲ್ಲ ಎಂದು ಅಟ್ಟಿದ್ದರು.

"ನನ್ನ ದನಿಯಲ್ಲಿ ಹೇಳಿದ್ರೆ ನಂಬಲ್ಲ ಜೆಮ್ಮಾ, ನಿನ್ನ ದನಿ ಬೇಕು, ಕೊಡು ಅಂದ್ಲು," ಎಂದಳು ಜೆಮ್ಮಾ. "ಗುರುವಾರ ಐದೂವರೆಗೆ ಅವನನ್ನ ಮನೆಗೆ ಕರೆದಿದೀನಿ, ಅದಕ್ಕೆ ಮುಂಚೆ ದುಯಿಲಿಯೊ ಬಂದಿರ್ತಾನೆ, ನೀನು ಐದಕ್ಕೆ ಪೊಲೀಸಿಗೆ ಫೋನ್ ಮಾಡು, ಎಲ್ಲರ ಎದುರಿಗೇ ಇತ್ಯರ್ಥ ಆಗೋಗ್ಲಿ ಅಂತ. ಏನು ಹೇಳ್ಬೇಕು ಅನ್ನೋದನ್ನ ಅವಳೇ ಟೈಪ್ ಮಾಡ್ಕೊಂಡು ಬಂದಿದ್ಲು. ಮೇಲಿನ ಹಾಳೆ ತಾನಿಟ್ಕೊಂಡು ಕಾರ್ಬನ್ ನಂಗೆ ಕೊಟ್ಲು. ಎರಡು ಪ್ರತಿ ಮಾಡೋದನ್ನ ನೆರಿನಾ ಕಲಿಸಿದ್ಲು ಅಂತಿದ್ಲು."

ಕರೆದದ್ದು ಐದೂವರೆಗೆ. ಆದರೆ ಬರಬೇಕಾದವನು ಅಲ್ಲಿಯವರೆಗೆ ಕಾಯಲಿಲ್ಲ. ಜೆಮ್ಮಾ ಫೋನ್ ಎತ್ತಿಕೊಂಡಾಗ ಫಿಯೊರೆಂಜಾ ಸತ್ತು ಎಷ್ಟು ಹೊತ್ತಾಗಿತ್ತೋ ದೇವರಿಗೇ ಗೊತ್ತು.

ಅವಳ ಮನೆಯಲ್ಲಿ ಸಿಕ್ಕಿದ ವಸ್ತುಗಳ ಪಟ್ಟಿಯನ್ನು ನೆರಿನಾ ಓದಿದ್ದಳು. ಒಂದು ಮುರಿದ ಬಳೆಯೂ ಬಿಡದೆ ಬರೆದಿದ್ದರು ಪೊಲೀಸರು. ಅದರಲ್ಲಿ ಟೈಪ್ ಮಾಡಿದ ಹಾಳೆ ಇರಲಿಲ್ಲ. ಹಾಗಾದರೆ ಮೇಲಿನ ಹಾಳೆ ಕೊಂದವನ ಕೈ ಸೇರಿದೆ.

"ಪೇದೆ ಹೇಳಿದ ಕರೆಯಲ್ಲಿ ಯಾರ ಹೆಸರೂ ಇರಲಿಲ್ಲ," ಎಂದಳು ನೆರಿನಾ. "ಅವನು ಬರ್ತಾನೆ, ನನ್ನ ಕೊಲ್ತಾನೆ, ಬೇಗ ಬನ್ನಿ. ಅಷ್ಟೇ. ಹಾಳೆಯಲ್ಲೂ ಅವನು ಅಂತಲೇ ಇತ್ತಾ?"

ಜೆಮ್ಮಾ ನೀರು ಕುಡಿದಳು. ಪರದೆಯ ಮೇಲೆ ವಿಧವೆಯ ಮುಖ ಬಾಯಿ ತೆರೆದು ನಿಂತುಬಿಟ್ಟಿತ್ತು, ದನಿಗಾಗಿ ಕಾಯುತ್ತಾ.

"ಹೆಸರಿತ್ತು. ನಾನು ಬಿಟ್ಟೆ. ಫೋನ್ ಕೈಗೆ ತಗೊಂಡಾಗ ನನ್ನ ನಾಲಿಗೆ ಏಳಲಿಲ್ಲ. ನಂಗೀಗ ಅರವತ್ತು, ಸಿನ್ಯೋರಾ. ಅವನು ಬೇಡ ಅಂದ್ರೆ ನಾಳೆಯಿಂದ ಯಾವ ಕೋಣೆ ಬಾಗಿಲೂ ನಂಗೆ ತೆಗೆಯಲ್ಲ. ಹೆಸರು ಹೇಳದಿದ್ರೇನು, ಪೊಲೀಸರು ಹೋಗೇ ಹೋಗ್ತಾರಲ್ಲ, ಅವನನ್ನ ಅಲ್ಲೇ ಹಿಡೀತಾರಲ್ಲ ಅಂದ್ಕೊಂಡೆ. ಹೋದ್ರು. ಪಾಪದ ದುಯಿಲಿಯೊ ಸಿಕ್ಕಿದ."

ಅವಳು ಪರ್ಸಿನ ಒಳಗಿನ ಜೇಬಿನಿಂದ ನಾಲ್ಕು ಮಡಿಕೆಯ ಹಾಳೆ ತೆಗೆದಳು. ಅದನ್ನು ಕೈಯಿಂದ ಮುಟ್ಟದೆ ಕರವಸ್ತ್ರದಲ್ಲಿ ಹಿಡಿದಿದ್ದಳು, ಅಕ್ಷರಗಳು ನೇರಳೆ ಬಣ್ಣದವು. ರಂಗದ ಮೇಲಿರುವ ಯಾರೂ ನೇರಳೆಯನ್ನು ಮೈಗೆ ಸೋಕಿಸಿಕೊಳ್ಳುವುದಿಲ್ಲ. ಅದು ಆ ಜನಕ್ಕೆ ಆಗಿಬರದ, ಅಪಶಕುನದ ಬಣ್ಣ.

"ನಿಮಗೆ ತೋರಿಸ್ಬಾರದು ಅಂತಲೇ ಇದ್ದೆ," ಎಂದಳು. "ಬೇರೆ ಯಾರಿಗೆ ತೋರಿಸಿದ್ರೂ ನಿಮಗೆ ಬೇಡ ಅಂತ."

ನೆರಿನಾ ಓದಿದಳು. ಐದೇ ಸಾಲು. ನಾನು ಫಿಯೊರೆಂಜಾ ಕಾರ್ಲಿ. ಇವತ್ತು ಐದೂವರೆಗೆ ಅತಿಲಿಯೊ ಸ್ಬೊರ್ದೊನಿ ನನ್ನ ಮನೆಗೆ ಬರುತ್ತಾನೆ. ನನ್ನನ್ನು ಕೊಲ್ಲುತ್ತೇನೆ ಎಂದಿದ್ದಾನೆ. ಒಂದು ಸಲ ಬಂದು ಹೇಳಿದೆ, ನೀವು ನಂಬಲಿಲ್ಲ. ಈಗಲಾದರೂ ಬನ್ನಿ.

ಅರವತ್ಮೂರು ಚಿತ್ರಗಳಲ್ಲಿ ಅವಳೇ ಬರೆದುಕೊಂಡ ಸಂಭಾಷಣೆ ಒಂದೂ ಇರಲಿಲ್ಲ. ಇದೊಂದೇ.

"ನಾಲ್ಕು ಗಂಟೆಗೆ ಠಾಣೆಗೆ ಬರ್ತೀರಾ?" ಎಂದು ಕೇಳಿದಳು ನೆರಿನಾ. ತನ್ನ ದನಿ ಅವಳಿಗೆ ದೂರದಿಂದ ಕೇಳಿಸಿತು.

ಜೆಮ್ಮಾ ಅವಳನ್ನು ದಿಟ್ಟಿಸಿದಳು. "ನೀವು ಬರ್ತೀರಾ, ಅದು ಹೇಳಿ. ನೀವು ಬಂದ್ರೆ ನಾನೂ ಬರ್ತೀನಿ. ನಂಗೆ ಹೋಗೋದು ಅನ್ನ. ನಿಮಗೆ?"

ನೆರಿನಾ ಹಾಳೆಯನ್ನು ಮಡಿಸಿ ರವಿಕೆಯೊಳಗೆ ಇಟ್ಟುಕೊಂಡಳು. ನಾಲ್ಕಕ್ಕೆ ಅಲ್ಲಿರುತ್ತೇನೆ ಎಂದಳು.

*

ಮೂರು ಮಹಡಿ ಇಳಿಯುವಾಗ ಕಣ್ಣು ಬರೆದಿಟ್ಟದ್ದೆಲ್ಲ ಒಂದೊಂದಾಗಿ ಮೇಲೆ ಬಂತು. ಗುರುವಾರ ಬೆಳಿಗ್ಗೆ, ಗಡಿಯಾರ ಎಡಗೈ. ಗುರುವಾರ ಸಂಜೆ, ಗಡಿಯಾರ ಬಲಗೈ, ಎಡ ಮಣಿಕಟ್ಟಿಗೆ ಪಟ್ಟಿ. ಕಾರಿನ ಬಾಗಿಲು ತಗುಲಿತು ಎಂದಿದ್ದ. ಐದು ಗಂಟೆಗೆ ಅತಿಲಿಯೊ ತನ್ನ ಆಫೀಸಿನಲ್ಲಿ ಆರು ಜನರ ಎದುರು ಕೂತಿದ್ದ, ಪೊಲೀಸರು ಅದನ್ನು ಬರೆದುಕೊಂಡು ಅವನ ಕೈಕುಲುಕಿ ಹೋಗಿದ್ದರು. ಮೂರು ಗಂಟೆಗೆ ಎಲ್ಲಿದ್ದೆ ಎಂದು ಅವನನ್ನು ಯಾರೂ ಕೇಳಿರಲಿಲ್ಲ. ಒಂದೇ ಹಾಸಿಗೆಯ ಮೇಲೆ ಮಲಗುವವಳೂ ಕೇಳಿರಲಿಲ್ಲ.

ಫಿಯೊರೆಂಜಾ ಪುಸ್ತಕ ಕೇಳಿದಳು ಎಂದು ಅವನಿಗೆ ಹೇಳಿದವಳು ತಾನು. ಸೂಪು ಬಡಿಸುತ್ತಾ ಹೇಳಿದ್ದಳು.

ಎರಡನೇ ಮಹಡಿಯ ತಿರುವಿನಲ್ಲಿ ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಜೋಮು ಹಿಡಿದಿರುವಷ್ಟು ಹೊತ್ತು ಕಾಲಿಗೆ ನೋವಿಲ್ಲ, ಬಿಡುವಾಗಲೇ ಗೊತ್ತಾಗುವುದು. ಎದೆಯೊಳಗೆ ಸೂಜಿ ಚುಚ್ಚಿದಂತೆ ಒಂದು ಚುಚ್ಚಿತು, ಆಮೇಲೆ ಇನ್ನೊಂದು. ಅವಳಿಗೆ ಭಯವಾಯಿತು, ದುಃಖವಾಯಿತು, ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಈಗ ಬೇಡ ಎಂದು ಹಲ್ಲು ಕಚ್ಚಿ ಎದ್ದಳು. ಇನ್ನೊಂದು ಅರ್ಧ ಗಂಟೆ ಮುಖದಲ್ಲಿ ಏನೂ ಕಾಣಬಾರದು. ಕಾಣದ ಹಾಗೆ ಇರುವುದನ್ನು ಹನ್ನೆರಡು ದಿನ ಅಭ್ಯಾಸ ಮಾಡಿಯಾಗಿತ್ತು.

ಕಾರು ಬಾಗಿಲ ಎದುರಿಗೇ ನಿಂತಿತ್ತು. ಅತಿಲಿಯೊ ಒಳಗಿನಿಂದಲೇ ಚಾಚಿಕೊಂಡು ಬಾಗಿಲು ತೆರೆದ.

"ಏನಂದಳು?"

"ಏನೂ ಇಲ್ಲ. ತಾನು ಯಾರಿಗೂ ಫೋನ್ ಮಾಡಿಲ್ಲ, ತನಗೇನೂ ಗೊತ್ತಿಲ್ಲ ಅಂದಳು. ಸುಮ್ಮನೆ ಬಂದ ಹಾಗಾಯ್ತು."

ಅವನು ತಲೆಯಾಡಿಸಿದ. ಗಾಡಿ ಶುರುವಾಯಿತು. ಹೋಗಲಿ ಬಿಡು, ಮನೆಗೆ ಹೋಗಿ ಮಲಗು, ಇನ್ಸ್‌ಪೆಕ್ಟರಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ ಎಂದ. ಅವನ ಮಾತಿನಲ್ಲಿ ಎಂದಿನ ಅಕ್ಕರೆಯೇ ಇತ್ತು. ಹದಿನೆಂಟು ವರ್ಷ ಅದೇ ಅಕ್ಕರೆಯನ್ನು ಉಂಡವಳಿಗೆ ಒಂದು ಕ್ಷಣ, ಇದೆಲ್ಲ ತಪ್ಪಿರಬಾರದೇ, ಆ ಹಾಳೆ ಸುಳ್ಳಾಗಿರಬಾರದೇ ಎನಿಸಿತು.

ಮೊದಲ ಸಿಗ್ನಲ್ಲಿನಲ್ಲಿ ಕಾರು ನಿಂತಿತು. ನೇರ ಹೋದರೆ ಠಾಣೆ, ಬಲಕ್ಕೆ ಹೋದರೆ ಮನೆ.

"ಹಾಳೆ?" ಎಂದ ಅತಿಲಿಯೊ, ರಸ್ತೆಯ ಮೇಲಿನ ಕಣ್ಣು ತೆಗೆಯದೆ. "ಅದನ್ನೂ ಕೊಡಲಿಲ್ವಾ ಅವಳು?"

ಹಾಳೆಯ ಮಾತು ನೆರಿನಾ ಎತ್ತಿರಲಿಲ್ಲ. ಅದು ಇದೆಯೆಂದು ಗೊತ್ತಿದ್ದವರು ಬರೆದವಳು, ಓದಿದವಳು, ಮತ್ತು ಸತ್ತವಳ ಮನೆಯಿಂದ ಮೇಲಿನ ಪ್ರತಿಯನ್ನು ಎತ್ತಿಕೊಂಡು ಹೋದವನು.

"ಯಾವ ಹಾಳೆ?" ಎಂದಳು.

ಅವನು ಅವಳತ್ತ ಪೂರ್ತಿ ತಿರುಗಿ, ಅವಳ ಮುಂದಿನಿಂದ ಕೈ ಚಾಚಿ ಅವಳ ಕಡೆಯ ಬಾಗಿಲಿನ ಚಿಲಕದ ಗುಂಡಿಯನ್ನು ಮೆಲ್ಲಗೆ ಕೆಳಗೆ ಒತ್ತಿದ. ಎಡಗೈ. ಚಾಚಿದ ರಭಸಕ್ಕೆ ಅಂಗಿಯ ತೋಳು ಮೇಲಕ್ಕೆ ಸರಿದಿತ್ತು. ಮಣಿಕಟ್ಟಿನ ಮೇಲೆ ನಾಲ್ಕು ಉಗುರಿನ ಗೀರುಗಳು ಒಣಗಿ ಕಪ್ಪಾಗಿದ್ದವು.

ಸಿಗ್ನಲ್ ಹಸಿರಾಯಿತು. ಕಾರು ನೇರವೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ.

ಮೂರು ಗಂಟೆ ನಲವತ್ತು, ಎಂದು ಬರೆದುಕೊಂಡವು ನೆರಿನಾಳ ಕಣ್ಣುಗಳು. ಎಡ ತಿರುವು. ಕಲ್ಲುಗಣಿಯ ರಸ್ತೆ.